ನನ್ನ ಉತ್ತರಪತ್ರಿಕೆ ನನ್ನ ಕೈಗೆ ಬಂದ ದಿನ

ಜರ್ಮನಿಯಲ್ಲಿ ಎಂಎಸ್ಸಿಯ ಮೊದಲ ಸೆಮಿಸ್ಟರಿನ ಹೀಟ್ ಟ್ರಾನ್ಸ್‌ಫರ್ ಪರೀಕ್ಷೆಯಲ್ಲಿ ನನಗೆ 2.7 ಬಂತು. ಇಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು, 4.0 ಬಂದರೆ ಪಾಸು, 5.0 ಬಂದರೆ ಫೇಲು. ನಾನು ಊರಿಂದ 10ಕ್ಕೆ 8 ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರುಗಳ ಸರಾಸರಿ, ತಂದವನು. ಪಾಸಿಗೆ 4 ಅಂತ ಹಿಡಿದು ಇಲ್ಲಿನ ಲೆಕ್ಕಕ್ಕೆ ಇಳಿಸಿದರೆ ಅದು 2.0. ಅದಕ್ಕೇ 2.7 ನೋಡಿ ಎದೆ ಧಸಕ್ಕೆಂದಿತು.

ಜೊತೆಗಿದ್ದ ಜರ್ಮನ್ ಹುಡುಗ, 'ಐನ್‌ಸಿಖ್ಟ್‌ಗೆ ಹೋಗು' ಅಂದ. ಹಾಗಂದರೆ, ತಿದ್ದಿದ ಉತ್ತರಪತ್ರಿಕೆಯನ್ನು ನಾವೇ ಹೋಗಿ ನೋಡುವುದು. ಫೀಸು ಎಷ್ಟು ಅಂತ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಹೋದೆ. ಒಂದು ಕೋಣೆ, ಉದ್ದ ಮೇಜು, ಸಹಾಯಕರೊಬ್ಬರು. ಗುರುತಿನ ಚೀಟಿ ತೋರಿಸಿದ ತಕ್ಷಣ ನನ್ನ ಪತ್ರಿಕೆ ಕೈಗೆ ಬಂತು. ಪುಟದ ತುಂಬಾ ಕೆಂಪು ಇಂಕು. ಎಲ್ಲಿ ಅರ್ಧ ಅಂಕ ಹೋಯಿತು, ಯಾವ ಸಾಲಿನಲ್ಲಿ ಲೆಕ್ಕ ದಾರಿ ತಪ್ಪಿತು, ಎಲ್ಲ ಕಾಣುತ್ತಿತ್ತು. ಒಂದು ಹಾಳೆಯ ಹಿಂಬದಿ ಬರೆದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ತೋರಿಸಿದೆ. ಅವರು ನಿಧಾನವಾಗಿ ಓದಿ, 'ಹೌದು, ಇದು ಸರಿ ಇದೆ' ಅಂದು 5 ಅಂಕ ಸೇರಿಸಿದರು. 2.7 ಹೋಗಿ 2.3 ಆಯಿತು. ಹೊರಗೆ ಬಂದು ಹಿಮದಲ್ಲೇ ಎರಡು ನಿಮಿಷ ಸುಮ್ನೆ ನಿಂತಿದ್ದೆ.

ಊರಲ್ಲಿ ಐದನೇ ಸೆಮಿಸ್ಟರಿನಲ್ಲಿ ನನಗೆ ಒಂದು ವಿಷಯದಲ್ಲಿ ತೀರಾ ಕಮ್ಮಿ ಬಂದಿತ್ತು. ಉತ್ತರಪತ್ರಿಕೆಯ ಫೋಟೊಕಾಪಿಗೆ ದುಡ್ಡು, ರೀವ್ಯಾಲ್ಯುಯೇಷನ್‌ಗೆ ಮತ್ತೆ ದುಡ್ಡು. ಅಪ್ಪನ ಹತ್ತಿರ ಕೇಳಲು ಮುಜುಗರ. ಕಟ್ಟಿ ಕಾದದ್ದಾಯಿತು. ಉತ್ತರ ಬರುವಷ್ಟರಲ್ಲಿ ಮುಂದಿನ ಸೆಮಿಸ್ಟರಿನ ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗಿನ ಪರೀಕ್ಷೆಗಳು, ಶುರುವಾಗಿತ್ತು. ಬಂದದ್ದು 'ಬದಲಾವಣೆ ಇಲ್ಲ' ಅನ್ನುವ ಒಂದೇ ಸಾಲು. ಎಲ್ಲಿ ತಪ್ಪಿದೆ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಸರಾಸರಿ ಉಳಿಸಿಕೋ, ಪ್ಲೇಸ್‌ಮೆಂಟಿಗೆ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಸೋರುತ್ತಿದೆ ಅಂತ ತೋರಿಸದೆ ಉಳಿಸಿಕೋ ಅಂದರೆ ಹೇಗೆ? ನಾವು ಬರೆದದ್ದನ್ನು ನೋಡಲು ನಾವೇ ದುಡ್ಡು ಕಟ್ಟಬೇಕು ಅನ್ನುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಹಾಗಂತ ಇಲ್ಲಿ ಸುಲಭ ಅಂದುಕೊಳ್ಳಬೇಡಿ. ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಒಂದೊಂದಕ್ಕೂ ಸುಮಾರು 30 ಗಂಟೆ ಓದು ಅನ್ನುವುದು ಲೆಕ್ಕ. ಬಾಡಿಗೆಗಾಗಿ ಗೋದಾಮಿನಲ್ಲಿ ರಾತ್ರಿ ಪೆಟ್ಟಿಗೆ ಜೋಡಿಸಿ ಬಂದವನಿಗೆ ಆ ಗಂಟೆಗಳು ಎಲ್ಲಿಂದ ಬರಬೇಕು? ಎಂಎಸ್ಸಿಯ 120 ಕ್ರೆಡಿಟ್‌ಗಳಲ್ಲಿ ಕೊನೆಯ ಸಂಶೋಧನಾ ಪ್ರಬಂಧಕ್ಕೇ 30. ಅದೊಂದು ಕೈಕೊಟ್ಟರೆ ಸರಾಸರಿಯ ಕಾಲು ಭಾಗ ಹೋದ ಹಾಗೆ. ಇನ್ನೊಂದು ವಿಷಯ, ಇಲ್ಲಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಒಮ್ಮೆ ಪಾಸಾದರೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವ ಹಾಗಿಲ್ಲ. 3.7 ಬಂದರೆ ಅದೇ ಕೊನೆ. ಅದಕ್ಕೇ ಈ ಸಲ ಐದು ವಿಷಯದ ಬದಲು ನಾಲ್ಕಕ್ಕೇ ಹೆಸರು ಕೊಟ್ಟಿದ್ದೇನೆ. ಒಂದು ಸೆಮಿಸ್ಟರ್ ಜಾಸ್ತಿಯಾದರೂ ಪರವಾಗಿಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಲೇಬೇಕು. ಇಲ್ಲಿ ಪತ್ರಿಕೆ ತೋರಿಸುವುದು ಎಲ್ಲ ಮುಗಿದ ಮೇಲೆ. ನಾನು ತೆಗೆದುಕೊಂಡ ಹೆಚ್ಚಿನ ವಿಷಯಗಳಿಗೆ ಇರುವುದು ಕೊನೆಯ ಒಂದೇ ಪರೀಕ್ಷೆ. ಅದಕ್ಕೆ ಮುಂಚೆ ತರಗತಿಗೆ ಬಂದೆಯಾ, ತಿಂದೆಯಾ ಅಂತ ಕೇಳುವವರೇ ಇಲ್ಲ. ಊರಲ್ಲಿ ಸೆಮಿಸ್ಟರಿಗೆ ಮೂರು ಸಲ ಬ್ಲೂ ಬುಕ್, ಅಂದರೆ ಇಂಟರ್ನಲ್ಸ್ ಬರೆದ ಪುಸ್ತಕ, ತಿದ್ದಿ ಕೈಗೆ ಬರುತ್ತಿತ್ತು, ಅಲ್ವಾ? ನಾವು ಕೊನೆಯ ಪುಟದ ಮೊತ್ತ ಮಾತ್ರ ನೋಡಿ, 'ಮೇಡಂ, ಒಂದ್ ಮಾರ್ಕ್ಸ್' ಅಂತ ಸುತ್ತುವರಿದು, ಸಹಿ ಹಾಕಿ ವಾಪಸ್ ಕೊಡುತ್ತಿದ್ದೆವು. ಥರ್ಮೋಡೈನಾಮಿಕ್ಸ್ ಪಾಠ ಮಾಡುತ್ತಿದ್ದ ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆದು, 'ಯಾಕಪ್ಪಾ, ಗೊತ್ತಿದ್ದೂ ಅವಸರ ಮಾಡ್ತೀಯ' ಅಂದಿದ್ದರು. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೂ ಇದ್ದರು: ಉತ್ತರದ ಮುಂದೆ ಯೂನಿಟ್ ಹಾಕು.

ಆ ಉದ್ದ ಮೇಜಿನ ಮೇಲೆ ನನ್ನ ಪತ್ರಿಕೆ ತಿರುವುವಾಗ ಮೂರು ಕಡೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು. ಲೆಕ್ಕ ಸರಿ, ಅಂಕೆ ಸರಿ. ಯೂನಿಟ್ ಹಾಕಿರಲಿಲ್ಲ.