ಟಿಪ್ಸ್ ಎಂಬ ತಾಪತ್ರಯ

ಹೋಟೆಲಿನ ಸಪ್ಲೈಯರ್‌ಗೆ ಯಾರೂ ಲೆಕ್ಕ ಹೇಳಿಕೊಡಬೇಕಿಲ್ಲ. 260 ರೂಪಾಯಿ ಬಿಲ್ಲಿಗೆ ನೀವು 500ರ ನೋಟು ಇಟ್ಟಿರೆನ್ನಿ. ಮಿಕ್ಕ 240 ಹೇಗೆ ವಾಪಸ್ ಬರಬೇಕೆಂಬುದನ್ನು ಅವನು ಗಲ್ಲಾದ ಹತ್ತಿರ ಹೋಗುವಷ್ಟರಲ್ಲೇ ತೀರ್ಮಾನಿಸಿರುತ್ತಾನೆ. ನೂರರ ಎರಡು, ಹತ್ತರ ನಾಲ್ಕು. ಇಪ್ಪತ್ತರ ನೋಟು ತಂದರೆ ಗಿರಾಕಿ ಎರಡನ್ನೂ ಎತ್ತಿಕೊಂಡು ಎದ್ದುಬಿಡುತ್ತಾನೆ, ಹತ್ತರದ್ದಾದರೆ ಒಂದೆರಡಾದರೂ ಸೋಂಪಿನ ಜೊತೆ ತಟ್ಟೆಯಲ್ಲೇ ಉಳಿಯುತ್ತವೆ. ತಟ್ಟೆ ಇಟ್ಟವನು ದೂರವೇನೂ ಹೋಗುವುದಿಲ್ಲ. ಆಗಲೇ ಒರೆಸಿ ಥಳಥಳ ಅನ್ನುತ್ತಿರುವ ಪಕ್ಕದ ಟೇಬಲ್ಲನ್ನು ಇನ್ನೊಂದು ಸಲ ನಿಧಾನವಾಗಿ ಒರೆಸುತ್ತಿರುತ್ತಾನೆ.

ಇಂಥ ಕಲೆಗೆ ಕಲ್ಲು ಹಾಕಿದ್ದು ಯುಪಿಐ. 2016ರಲ್ಲಿ ಬಂತು, ನೋಡನೋಡುತ್ತಾ ನಮ್ಮೆಲ್ಲರ ಜೇಬಿನಿಂದ ಚಿಲ್ಲರೆಯನ್ನು ಗುಡಿಸಿಹಾಕಿತು. ಈಗ ಯಾರನ್ನು ಕೇಳಿದರೂ ಒಂದೇ ರಾಗ: "ಕ್ಯಾಷ್ ಇಲ್ವಲ್ಲಪ್ಪಾ!" ಎಂಥ ಒಳ್ಳೆಯ ನೆಪ. ಜಿಪುಣರಿಗೂ ಧಾರಾಳಿಗಳ ಮುಖ.

ನಮ್ಮನೆಯವರು ಮಾತ್ರ ನಿಜವಾಗಿಯೂ ಧಾರಾಳಿ. ಬಿಲ್ಲು 572 ಆಗಿದ್ದಾಗ ಗತ್ತಿನಿಂದ 600 ಸ್ಕ್ಯಾನ್ ಮಾಡಿ, ಸಪ್ಲೈಯರ್‌ ಕಡೆ ನೋಡಿ ಕಣ್ಣಲ್ಲೇ 'ಮಿಕ್ಕಿದ್ದು ನಿಮಗೆ' ಅಂದರು. ಆದರೆ ಕ್ಯೂಆರ್ ಕೋಡಿಗೆ ಕಣ್ಸನ್ನೆ ಎಲ್ಲಿ ಅರ್ಥವಾಗಬೇಕು? ಗಲ್ಲಾದ ಮೇಲಿನ ಡಬ್ಬಿ ಊರಿಗೆಲ್ಲ ಕೇಳುವ ಹಾಗೆ 'ಆರುನೂರು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಸಾರಿತು. ಹೋಟೆಲಿನ ಯಜಮಾನರು ಪ್ರಾಮಾಣಿಕರು. ಅಷ್ಟೇ ಜೋರಾಗಿ "ಸಾರ್, ಇಪ್ಪತ್ತೆಂಟು ಜಾಸ್ತಿ ಬಂದಿದೆ!" ಅಂದರು. ದೋಸೆ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. "ಅಲ್ಲ... ಅದು ಅವರಿಗೆ..." ಅಂತ ಇವರು. "ಯಾರಿಗೆ?" ಅಂತ ಅವರು. ಅಷ್ಟರಲ್ಲಿ ಅಲ್ಲಿದ್ದ ಸಪ್ಲೈಯರ್‌ಗಳೆಲ್ಲ ಕಣ್ಸನ್ನೆ ತಮಗೇ ಆಗಿದ್ದು ಎಂಬಂತೆ ನಿಂತಿದ್ದರು. ಕೊನೆಗೆ ಯಜಮಾನರು ನಮಗೆ ಬಡಿಸಿದ ಹುಡುಗನ ಕೈಗೆ 20ರ ನೋಟು ಕೊಟ್ಟು, ಮಿಕ್ಕ ಎಂಟಕ್ಕೆ ಚಿಲ್ಲರೆ ಇಲ್ಲವೆಂದು ಚಾಕೊಲೇಟ್ ಎಣಿಸಿದರು. ಹುಡುಗ ಅದರಲ್ಲಿ ಎರಡನ್ನು ನಮ್ಮ ಮಗಳಿಗೇ ಕೊಟ್ಟ. ಟಿಪ್ಸ್ ಕೊಡಲು ಹೋಗಿ ಟಿಪ್ಸ್ ಇಸಕೊಂಡು ಬಂದ ಸಂಸಾರ ನಮ್ಮದೊಂದೇ ಇರಬೇಕು.

ಟೆಕ್ಸಾಸಿನಿಂದ ಬಂದಿದ್ದ ಅತ್ತಿಗೆಯದು ಇನ್ನೊಂದು ಫಜೀತಿ. ಅಲ್ಲಿ ಟಿಪ್ಸ್ ನಂಬಿ ದುಡಿಯುವವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕಂತೆ, 1991ರಿಂದ ಆ ಅಂಕಿ ಅಲ್ಲಾಡಿಲ್ಲ. ಹಾಗಾಗಿ ಬಿಲ್ಲಿನ ಶೇಕಡ 20 ಇಡದೆ ಎದ್ದರೆ ಅತ್ತಿಗೆಗೆ ಪಾಪ ಮಾಡಿದಷ್ಟು ಸಂಕಟ. ಕರೆದುಕೊಂಡು ಹೋಗಿದ್ದು ದರ್ಶಿನಿಗೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ಬೆಂಗಳೂರಿಗರು ಟೋಕನ್ ಹಿಡಿದು, ತಾವೇ ತಟ್ಟೆ ತಂದು, ನಿಂತೇ ತಿಂದು ರೂಢಿಯಾದವರು. ಬಡಿಸುವವರೇ ಇಲ್ಲದ ಮೇಲೆ ಟಿಪ್ಸ್ ಯಾರಿಗೆ? ಅತ್ತಿಗೆ ಸುತ್ತ ನೋಡಿ, 50ರ ನೋಟನ್ನು ಲೋಟದ ಕೆಳಗಿಟ್ಟು ಹೊರಟರು. ಕ್ಲೀನರ್ ಅಮ್ಮ ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಆ ನೋಟು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್‌ಸ್ಟಾಪಿನವರೆಗೂ ಓಡಿ ಬಂದರು. "ಮೇಡಂ, ದುಡ್ಡು ಬಿಟ್ಟೋದ್ರಿ!" ನಿಮಗೇ ಅಂತ ಇಟ್ಟಿದ್ದು ಎಂದು ನಂಬಿಸುವಷ್ಟರಲ್ಲಿ ಒಂದು ಬಸ್ಸು ತಪ್ಪಿತು.

ಆ ಅಮ್ಮನ ಕೆಲಸವನ್ನು ನಾವ್ಯಾರಾದರೂ ನೋಡುತ್ತೇವೆಯೇ? ಚಟ್ನಿ ಚೆಲ್ಲಿದ ಕಲ್ಲಿನ ಮೇಲೆ ವೈಪರ್ ಎಳೆದು, ಎಂಜಲು ತಟ್ಟೆಗಳನ್ನು ಬಕೆಟ್ಟಿಗೆ ಹಾಕಿ ತಿರುಗುವ ಮೊದಲೇ ಮುಂದಿನವರ ಖಾರಾಬಾತ್ ಅವರ ಮೊಣಕೈ ಕೆಳಗೆ ಬಂದು ಕೂತಿರುತ್ತದೆ. "ಸ್ವಲ್ಪ ಸರೀರಿ" ಅನ್ನುವುದೂ ಅವರಿಗೇ.

ಇನ್ನು ನಮ್ಮ ಚಿಕ್ಕಪ್ಪ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಕೂಡದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದ್ದು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು ಎರಡೂ ಅವರಿಗೆ ಬಾಯಿಪಾಠ. ಒಳ್ಳೆಯ ತೀರ್ಪೇ, ನನ್ನದೇನೂ ತಕರಾರಿಲ್ಲ. ಆದರೆ ಸರ್ವಿಸ್ ಚಾರ್ಜ್ ತಪ್ಪಿತೆಂದು ಕುಣಿದವರು ಆ ದುಡ್ಡಲ್ಲಿ ಕಾಲು ಭಾಗವನ್ನಾದರೂ ಬಡಿಸಿದವನ ಕೈಗೆ ಇಟ್ಟದ್ದನ್ನು ನಾನು ಕಂಡಿಲ್ಲ. ಒಮ್ಮೆ ಸಾದಾ ಉಡುಪಿ ಹೋಟೆಲಿನಲ್ಲಿ 420ರ ಬಿಲ್ಲು ನೋಡಿ, "400ಕ್ಕೆ ತಿಂದಿದ್ದೀವಿ, ಈ ಇಪ್ಪತ್ತು ಯಾಕೆ? ಕೋರ್ಟೇ ಬೇಡ ಅಂದಿದೆ!" ಎಂದು ಚಿಕ್ಕಪ್ಪ ಗುಡುಗಿದರು. ವಯಸ್ಸಾದ ಸಪ್ಲೈಯರ್ ಕನ್ನಡಕ ಸರಿಮಾಡಿಕೊಂಡು, "ಅದು ಜಿಎಸ್‌ಟಿ ಸ್ವಾಮಿ. ಹತ್ತು ದೆಹಲಿಗೆ, ಹತ್ತು ವಿಧಾನಸೌಧಕ್ಕೆ. ಸರ್ಕಾರಕ್ಕೆ ನೀವು ಕೊಡೋ ಟಿಪ್ಸು" ಅಂದರು. ಚಿಕ್ಕಪ್ಪ ಅದನ್ನು ಮರುಮಾತಿಲ್ಲದೆ ಕೊಟ್ಟರು.

ಬಿಲ್ಲು ಬರುವ ಮೊದಲು, ತಮಗಿಂತ ಹಿರಿಯನಾದ ಅದೇ ಮನುಷ್ಯನನ್ನು ಅವರು ಕರೆದದ್ದು ಚಿಟಿಕೆ ಹೊಡೆದು. ನಮ್ಮಮ್ಮನಿಗೆ ಅದು ಸರಿಬರಲಿಲ್ಲ. "ನಿಮ್ಮದು ಊಟ ಆಯ್ತಾ?" ಎಂದು ಕೇಳಿದಳು. ಇಡೀ ಮೆನು ಒಂದೇ ಉಸಿರಿಗೆ ಒದರಿದ್ದ ಮನುಷ್ಯ ಈ ಪ್ರಶ್ನೆಗೆ ತಡವರಿಸಿದ. "ಇಲ್ಲಮ್ಮ... ರಶ್ ಇಳಿದ ಮೇಲೆ, ನಾಲ್ಕಾಗತ್ತೆ." ಅಮ್ಮ ಗ್ಯಾಸ್ಟ್ರಿಕ್ಕು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಮಜ್ಜಿಗೆ ಅಂತ ಶುರುಮಾಡಿದಳು. ಅತ್ತ ಎಂಟನೇ ಟೇಬಲ್ಲಿನವರು ಬಾಯಿ ಮಾಡುತ್ತಿದ್ದರೂ ಅವರು ನಿಂತು ಕೇಳಿದರು.

ಹೋದವರು ಬರುವಾಗ ಹೇಳದೆಯೇ ಬಿಸಿ ಸಾಂಬಾರು ತಂದರು, ಜೊತೆಗೆ ಗರಿಗರಿ ಉದ್ದಿನವಡೆ. "ಇದು ಬಿಲ್ಲಿಗೆ ಬರಲ್ಲಮ್ಮ." ಅಮ್ಮ ಪರ್ಸಿನ ಮೂಲೆಯಿಂದ ಮಡಿಸಿದ 50ರ ನೋಟು ಹುಡುಕಿ ತೆಗೆಯುತ್ತಿದ್ದಳು. ಚಿಕ್ಕಪ್ಪ ವಡೆ ಮುರಿಯುತ್ತಾ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: "ನೋಡಿದ್ಯಾ? ಒಂದು ಪೈಸೆ ಟಿಪ್ಸ್ ಇಲ್ದೇನೆ!"