‘ನಾವು ಮಾಡಲ್ಲ’ ಅನ್ನಿ, ‘ಹೋಯ್ತು’ ಅನ್ನಬೇಡಿ

ಈಗಷ್ಟೇ ಅಕ್ಕನ ಜೊತೆ ಮಾತಾಡಿ ಫೋನ್ ಇಟ್ಟೆ. ಅವಳು ಅತ್ತಳು, ಖುಷಿಗೆ. ನನಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯಲು ಕೂತೆ.

ಹೋದ ವಾರ ಅವಳ ಲ್ಯಾಪ್‌ಟಾಪ್ ಮೇಲೆ ನೀರು ಚೆಲ್ಲಿತು. ಆಮೇಲೆ ಪವರ್ ಬಟನ್ ಎಷ್ಟು ಒತ್ತಿದರೂ ಉಸಿರಿಲ್ಲ. ರಿಪೇರಿಗೆ ಕೊಟ್ಟಳು. ಎರಡು ದಿನ ಬಿಟ್ಟು ಉತ್ತರ ಬಂತು. ‘ಮದರ್‌ಬೋರ್ಡ್ ಹೋಗಿದೆ ಮೇಡಂ. ಡೇಟಾನೂ ಹೋಯ್ತು. ಹೊಸದು ತಗೊಂಡುಬಿಡಿ.’

ನಿಮ್ಮಲ್ಲಿ ಹಲವರಿಗೆ ಗೊತ್ತು, ಅಕ್ಕ ಆರು ವರ್ಷದಿಂದ ಮನೆಯ ಹಿರಿಯರನ್ನು ಕೂರಿಸಿಕೊಂಡು, ಮಾತಾಡಿಸಿ, ರೆಕಾರ್ಡ್ ಮಾಡುತ್ತಿದ್ದಾಳೆ. ಅವರಲ್ಲಿ ನಾಲ್ವರು ಈಗಿಲ್ಲ. ಎಲ್ಲವೂ ಆ ಲ್ಯಾಪ್‌ಟಾಪಿನಲ್ಲೇ ಇತ್ತು.

ನಾನೇ ಫೋನ್ ಮಾಡಿ ಕೇಳಿದೆ. ಡಿಸ್ಕ್ ಹೊರಗೆ ತೆಗೆದು ನೋಡಿದ್ರಾ? ‘ಇಲ್ಲ ಸರ್, ಅದೆಲ್ಲ ನಾವು ಮಾಡಲ್ಲ.’

ಮಾಡಲ್ಲ ಅನ್ನುವುದು ಬೇರೆ, ಹೋಯ್ತು ಅನ್ನುವುದು ಬೇರೆ. ಮೊದಲನೆಯದನ್ನು ಹೇಳಿದ್ದರೆ ಅಕ್ಕ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದಳು. ಎರಡನೆಯದನ್ನು ಕೇಳಿ ಎರಡು ರಾತ್ರಿ ನಿದ್ದೆ ಇಲ್ಲದೆ ಕಳೆದಳು.

ಲ್ಯಾಪ್‌ಟಾಪ್ ಆನ್ ಆಗಲಿಲ್ಲ ಅಂದರೆ ಡಿಸ್ಕ್ ಕೆಟ್ಟಿದೆ ಅಂತ ಅರ್ಥವಲ್ಲ. ಬೋರ್ಡ್, ಸ್ಕ್ರೀನ್, ಚಾರ್ಜಿಂಗ್ ಸರ್ಕ್ಯೂಟ್ ಯಾವುದು ಹೋದರೂ ಪಕ್ಕದಲ್ಲಿರುವ ಡಿಸ್ಕ್ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಅಕ್ಕನದು ಹಳೆಯ ಮಾಡೆಲ್, 2.5 ಇಂಚಿನ ಹಾರ್ಡ್ ಡಿಸ್ಕ್. ಬ್ಯಾಟರಿ ತೆಗೆದೆ, ಹಿಂದಿನ ಮುಚ್ಚಳ ಬಿಚ್ಚಿದೆ. ಒಂದು ಹನಿ ನೀರೂ ಡಿಸ್ಕ್ ಹತ್ತಿರ ಹೋಗಿರಲಿಲ್ಲ. ಡಿಸ್ಕ್‌ನ ಸಾಟಾ ಕನೆಕ್ಟರ್‌ನಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಹಾಕಿ ನನ್ನ ಕಂಪ್ಯೂಟರ್‌ಗೆ ಚುಚ್ಚಿದೆ. ಅರ್ಧ ನಿಮಿಷದಲ್ಲಿ ಡ್ರೈವ್ ಕಾಣಿಸಿತು. ಅಷ್ಟೇ ಕೆಲಸ. ಇಷ್ಟು ಮಾಡದೆ ಅವಳ ಆರು ವರ್ಷವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು.

ನಡುವೆ ಎರಡು ಸಲ ಎದೆ ಧಸಕ್ ಅಂದಿದ್ದು ನಿಜ. ಅವಳ ಫೋಲ್ಡರ್ ತೆರೆಯಲು ಹೋದರೆ ಅನುಮತಿ ಇಲ್ಲ ಅಂತ ಬಂತು. ಅದು ಹಳೆಯ ವಿಂಡೋಸ್ ಖಾತೆಯ ಬೀಗ ಅಷ್ಟೇ, ಅಡ್ಮಿನ್ ಅನುಮತಿ ಕೊಟ್ಟರೆ ತೆರೆದುಕೊಳ್ಳುತ್ತದೆ. ಆಮೇಲೆ ಅವಳ ಟಿಪ್ಪಣಿ ತೆರೆದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳು. ಫೈಲ್ ಕೆಟ್ಟೇ ಹೋಯಿತು ಅಂದುಕೊಂಡೆ. ಅವಳು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟ್‌ನಲ್ಲಿ, ನನ್ನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ. ಈಗ ಎಲ್ಲೆಡೆ ನಡೆಯುವ ಯೂನಿಕೋಡ್ ಅಕ್ಷರಗಳಿಗೆ ಬದಲಿಸಿದ ಕೂಡಲೇ ದೊಡ್ಡಮ್ಮ ಹೇಳಿದ್ದೆಲ್ಲ ಅಕ್ಷರ ಅಕ್ಷರವಾಗಿ ಎದುರಿಗೆ ಬಂತು.

ಇಷ್ಟು ಸಿಟ್ಟು ಯಾಕೆ ಅಂತ ನೀವು ಕೇಳಬಹುದು. ಇದನ್ನು ಜಾಸ್ತಿ ಜನರಿಗೆ ಹೇಳಿಲ್ಲ. 2014ರಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಏಳುವುದು ನಿಂತುಹೋಯಿತು. ಆಗಲೂ ಇದೇ ಮಾತು, ‘ಡೇಟಾ ಹೋಯ್ತು, ಫಾರ್ಮ್ಯಾಟ್ ಮಾಡಿ ಕೊಡ್ತೀವಿ’. ಹೂಂ ಅಂದೆ. ಅದೇ ಡಿಸ್ಕ್‌ಗೆ ಹೊಸ ವಿಂಡೋಸ್ ಹಾಕಿಸಿ ತಿಂಗಳುಗಟ್ಟಲೆ ಬಳಸಿದೆ. ಮಗಳು ಮಾತು ಕಲಿಯುವಾಗಿನ ವಿಡಿಯೋಗಳು ಅದರಲ್ಲಿದ್ದವು. ಚಂದಮಾಮನಿಗೆ ‘ತಂತಾಮ’ ಅನ್ನುತ್ತಿದ್ದಳು. ಆ ದನಿ ಈಗ ಎಲ್ಲೂ ಇಲ್ಲ. ನಾನು ಹೂಂ ಅನ್ನುವ ತನಕ ಆ ಫೈಲುಗಳು ಬಹುಶಃ ಅಲ್ಲೇ ಇದ್ದವು. ಹಾರ್ಡ್ ಡಿಸ್ಕ್‌ನಲ್ಲಿ ಬರೀ ಕ್ವಿಕ್ ಫಾರ್ಮ್ಯಾಟ್ ಆದರೂ ಹಳೆಯದು ತಕ್ಷಣ ಅಳಿಯುವುದಿಲ್ಲ, ಜಾಗ ಖಾಲಿ ಅಂತ ಗುರುತಾಗುತ್ತದೆ ಅಷ್ಟೇ. ಅದರ ಮೇಲೆ ಹೊಸದು ಬರೆದಾಗಲೇ ನಿಜವಾಗಿ ಹೋಗುವುದು. ‘ಹೋಯ್ತು’ ಅನ್ನುವ ಮಾತು ನಂಬಿದ್ದರಿಂದಲೇ ಅದು ಹೋಯಿತು.

‘ಬ್ಯಾಕಪ್ ಇಟ್ಟಿರಬೇಕಿತ್ತು’ ಅಂತ ಕೆಳಗೆ ಯಾರಾದರೂ ಬರೆದೇ ಬರೆಯುತ್ತೀರಿ. ಹೌದು, ಇಡಬೇಕು. ಆದರೆ ಲ್ಯಾಪ್‌ಟಾಪ್ ಸತ್ತು ಕಂಗಾಲಾಗಿ ಕೂತವರ ಎದುರು ಆ ಮಾತು ಯಾವ ಉಪಕಾರಕ್ಕೆ ಬಂತು? ಮೊದಲು ಡಿಸ್ಕ್ ತೆಗೆದು ನೋಡಿ. ಬುದ್ಧಿವಾದ ಆಮೇಲೆ.

ಎಲ್ಲವೂ ಸಿಗುತ್ತದೆ ಅಂತ ನಾನೂ ಹೇಳುತ್ತಿಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡ್‌ಗೇ ಬೆಸೆದಿರುತ್ತದೆ, ಬಿಚ್ಚಲು ಬರುವುದಿಲ್ಲ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ನಿಮ್ಮದು ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ. ತಿರುಗುವ ತಟ್ಟೆ ಬದಲು ಚಿಪ್‌ಗಳಿರುವ ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲ್ ಮರಳಿ ಸಿಗುವುದು ತೀರಾ ಕಷ್ಟ, ಟ್ರಿಮ್ ಅನ್ನುವ ವ್ಯವಸ್ಥೆ ಆ ಜಾಗವನ್ನೇ ಖಾಲಿ ಮಾಡಿಬಿಡುತ್ತದೆ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ಆ ಕ್ಷಣವೇ ಪವರ್ ತೆಗೆಯಿರಿ. ಒಳಗೆ ತಿರುಗುವ ತಟ್ಟೆಗೂ ಓದುವ ಹೆಡ್‌ಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಹೆಡ್ ಉಜ್ಜಿದಷ್ಟೂ ಫೈಲುಗಳು ಕೆರೆದು ಹೋಗುತ್ತವೆ. ಫ್ರಿಜ್‌ನಲ್ಲಿ ಇಡಿ ಅನ್ನುವವರ ಮಾತು ಕೇಳಲೇಬೇಡಿ, ಒಳಗೆ ತೇವ ಕೂರುತ್ತದೆ. ‘ಫಾರ್ಮ್ಯಾಟ್ ಮಾಡಲೇ?’ ಅಂತ ಕಂಪ್ಯೂಟರ್ ಕೇಳಿದರೆ ಬೇಡ ಅನ್ನಿ.

2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಒಡೆದು ಚೂರಾಗಿ, ಕಲ್ಪನಾ ಚಾವ್ಲಾ ಸೇರಿ 7 ಮಂದಿ ತೀರಿಕೊಂಡರಲ್ಲ, ಅದರ ಅವಶೇಷಗಳಲ್ಲಿ ಸುಟ್ಟು ಕರಕಲಾದ ಒಂದು ಹಾರ್ಡ್ ಡ್ರೈವ್ ಸಿಕ್ಕಿತ್ತು. ಪರಿಣತರು ತಟ್ಟೆಗಳನ್ನು ಬಿಡಿಸಿ, ತೊಳೆದು, ಬೇರೆ ಡ್ರೈವ್‌ಗೆ ಕೂರಿಸಿ ಸುಮಾರು ಶೇ. 99ರಷ್ಟು ಮಾಹಿತಿ ಓದಿದರು. ಅದರಲ್ಲಿದ್ದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆಕಾಶದಿಂದ ಬಿದ್ದದ್ದನ್ನೇ ಅವರು ಹೋಯ್ತು ಅನ್ನಲಿಲ್ಲ. ಅಕ್ಕನ ಡಿಸ್ಕ್‌ಗೆ ಒಂದು ಗೀರೂ ಬಿದ್ದಿರಲಿಲ್ಲ!

ರಾತ್ರಿಯಿಡೀ ಕಾಪಿ ಆಯಿತು. ಎರಡು ಪ್ರತಿ ಮಾಡಿದ್ದೇನೆ, ನಾಳೆ ಒಂದನ್ನು ಅವಳ ಕೈಗೆ ಕೊಟ್ಟು ಬರುತ್ತೇನೆ. ಇವತ್ತು ಫೋನಿನಲ್ಲೇ ದೊಡ್ಡಮ್ಮನ ಒಂದು ರೆಕಾರ್ಡಿಂಗ್ ಕೇಳಿಸಿದೆ. ಮಧ್ಯದಲ್ಲಿ ದೊಡ್ಡಮ್ಮ, ‘ಅದು ಆನ್ ಇದೆಯೇನೇ?’ ಅಂತ ಕೇಳಿ ನಗುತ್ತಾರೆ. ಅಲ್ಲಿಗೆ ಅಕ್ಕನಿಗೆ ಅಳು ತಡೆಯಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ‘ಹೋಯ್ತು’ ಅನ್ನಿಸಿಕೊಂಡ ಲ್ಯಾಪ್‌ಟಾಪ್ ಇದ್ದರೆ ಸುಮ್ನೆ ಎಸೆಯಬೇಡಿ. ಮೆಸೇಜ್ ಮಾಡಿ. ಕೇಬಲ್ ನನ್ನ ಹತ್ತಿರ ಇದೆ.