ಕೈಯಲ್ಲಿ ಎರಡು ಸುತ್ತು ತಿರುಗಿಸೋಕೆ ಏನಾಗಿತ್ತು?

ಎರಡು ದಿನದಿಂದ ಕಾರಿನ ಅಡಿ ಮಲಗಿದ್ದೀನಿ. ಕೂದಲೊಳಗೆಲ್ಲ ಕಬ್ಬಿಣದ ಪುಡಿ. ತೋಳು ಕೆಳಗಿಳಿಸಿದ್ರೂ ನಡುಕ ನಿಲ್ತಿಲ್ಲ. ಮೂರು ಬೆರಳ ಗೆಣ್ಣಿನ ಚರ್ಮ ಕಿತ್ತುಹೋಗಿದೆ. ಇಷ್ಟೆಲ್ಲ ಯಾಕೆ ಅಂದ್ರೆ, ಹಿಂದೆ ಯಾವನೋ ಪುಣ್ಯಾತ್ಮ ಒಂದು ಬೋಲ್ಟನ್ನ ಕೈಯಲ್ಲಿ ಎರಡು ಸುತ್ತು ತಿರುಗಿಸಲಿಲ್ಲ. ಸೀದಾ ಗಾಳಿಯಲ್ಲಿ ಓಡೋ, ಬೋಲ್ಟ್ ಬಿಗಿ ಮಾಡೋ ಗನ್ ಇಟ್ಟ. ಡರ್ರ್ ಅನ್ನಿಸಿದ. ಹೋದ.

ಕೆಲಸ ದೊಡ್ಡದೇನಲ್ಲ. ಮುಂದಿನ ಎಡಗಡೆ ಚಕ್ರವನ್ನ ಚಾಸಿಗೆ (ಕಾರಿನ ಚೌಕಟ್ಟಿಗೆ) ಜೋಡಿಸೋ ಲೋಯರ್ ಆರ್ಮ್ ಇದೆಯಲ್ಲ, ಅದರ ರಬ್ಬರ್ ಬುಷ್ ಹರಿದಿತ್ತು, ಹಂಪ್ ಇಳಿದಾಗೆಲ್ಲ ಲೊಟಕ್ ಲೊಟಕ್ ಅಂತಿತ್ತು. ಆರ್ಮ್ ಬಿಚ್ಚು, ಹೊಸದು ಕೂರಿಸು, ಟೈಟ್ ಮಾಡು. ಬೆಳಿಗ್ಗೆ ಶುರು ಮಾಡಿದ್ರೆ ಮಧ್ಯಾಹ್ನದ ಹೊತ್ತಿಗೆ ಮುಗೀಬೇಕು.

ಚಕ್ರದ ಕಡೆಯ ಕೀಲು, ಬಾಲ್ ಜಾಯಿಂಟ್, ಬಂತು. ಮುಂದಿನ ಬುಷ್ ಬೋಲ್ಟೂ ಬಂತು. ಹಿಂದಿನ ಬುಷ್ ಹಿಡ್ಕೊಂಡು ಕೆಳಗಿಂದ ಮೇಲಕ್ಕೆ ಹೋಗುತ್ತಲ್ಲ, 12 ಎಂಎಂ ಬೋಲ್ಟು, ಅದು ಒಂದು ಸುತ್ತು ಸಡಿಲ ಆಗಿ ಕಿರ್ರೋ ಅಂತ ಕಿರುಚಿತು ನೋಡಿ, ಆಗಲೇ ಹೊಟ್ಟೆಯೊಳಗೆ ಏನೋ ಕಲಸಿದಂಗಾಯ್ತು. ತುಕ್ಕಿನ ಸದ್ದು ಬೇರೆ, ಇದು ಬೇರೆ. ತುಕ್ಕು ಹಿಡಿದಿದ್ರೆ ಮೊದಲು ಹಠ ಮಾಡುತ್ತೆ, ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಿದ್ರೆ ಕೊನೆಗೆ ಶರಣಾಗುತ್ತೆ. ಇದು ಹೊರಗೆ ಬಂದಷ್ಟೂ ಬಿಗಿಯಾಗ್ತಾ ಹೋಯ್ತು. ಪ್ರತಿ ಕಾಲು ಸುತ್ತಿಗೂ ಎದೆ ಢವಢವ. ಯಾಕಂದ್ರೆ ಆ ಬೋಲ್ಟ್ ಕಚ್ಚೋ ನಟ್ಟು ಚಾಸಿಯ ಮುಚ್ಚಿದ ಡಬ್ಬಿಯೊಳಗೆ ವೆಲ್ಡ್ ಆಗಿ ಕೂತಿದೆ. ವೆಲ್ಡ್ ಕಿತ್ತು ನಟ್ಟೇ ಒಳಗೆ ಗಿರಗಿರ ತಿರುಗೋಕೆ ಶುರುವಾದ್ರೆ ಆಮೇಲೆ ಡಬ್ಬಿಯನ್ನೇ ಕತ್ತರಿಸಬೇಕು.

ಅಂತೂ ಬಂತು. ಜೊತೆಗೆ ಹೊಳೆಯೋ ಒಂದು ಲೋಹದ ಸುರುಳಿನೂ ಬಂತು. ನಟ್ಟಿನ ಥ್ರೆಡ್ಡೇ, ಅಂದ್ರೆ ಬೋಲ್ಟ್ ಕಚ್ಚೋ ಒಳಗಿನ ಗೆರೆಗಳೇ, ಕಿತ್ತುಕೊಂಡು ಬೋಲ್ಟಿಗೆ ಸುತ್ತಿಕೊಂಡಿತ್ತು.

ಟಾರ್ಚ್ ಹಿಡಿದು ನೋಡಿದ್ರೆ ಕಥೆಯೆಲ್ಲ ಅಲ್ಲೇ ಬರೆದಿದೆ. ಮೊದಲ ಮೂರು ಸುತ್ತು ಓರೆಯಾಗಿ ಅರೆದು ಚಟ್ನಿ. ಬೋಲ್ಟ್ ಸೊಟ್ಟಗೆ ಇಟ್ಟು ಗನ್ ಒತ್ತಿದ್ದಾನೆ. ಅಲ್ಲಪ್ಪಾ, ಕೈಯಲ್ಲಿ ಇಟ್ಟಿದ್ರೆ ಬೆರಳಿಗೇ ಗೊತ್ತಾಗ್ತಿತ್ತು. ಬೋಲ್ಟನ್ನ ಮೊದಲು ಉಲ್ಟಾ ಒಂಚೂರು ತಿರುಗಿಸಿದ್ರೆ ಟಕ್ ಅಂತ ಒಂದು ಸಣ್ಣ ಇಳಿಜಾರು ಸಿಗುತ್ತೆ, ಅಲ್ಲಿಂದ ಮುಂದಕ್ಕೆ ತಿರುಗಿಸಿದ್ರೆ ತಾನಾಗೇ ಒಳಗೆ ಹೋಗುತ್ತೆ. ಹತ್ತು ಸೆಕೆಂಡ್. ಹೋಗದಿದ್ರೆ ಏನೋ ಸರಿಯಿಲ್ಲ ಅಂತ ಅರ್ಥ. ಗನ್ನಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ? ಅದಕ್ಕೆ ಬೆರಳಿದೆಯಾ?

ಹಿಂದೆ ಈ ಕೆಲಸ ಮಾಡಿದವನಿಗೇ ಫೋನ್ ಮಾಡಿ ಕೇಳಿದೆ. ಬಂದ ಉತ್ತರ: 'ಬೋಲ್ಟ್ ಟೈಟಾಗೇ ಇತ್ತಲ್ವಾ? ಲೂಸಾಗಿ ಬಿದ್ದೋಗಿರ್ಲಿಲ್ವಲ್ಲ?'

ಆ ಮಾತಿಗೆ ತಲೆಯ ನರ ಸಿಡಿಯೋದೊಂದು ಬಾಕಿ. ಸ್ವಾಮಿ, ಟೈಟ್ ಇರೋದು ಬೇರೆ, ಒತ್ತಿ ಹಿಡಿಯೋದು ಬೇರೆ. ಸರಿಯಾಗಿರೋ ಬೋಲ್ಟಿನಲ್ಲೇ ನಾವು ಹಾಕೋ ಟಾರ್ಕಿನ (ತಿರುಗಿಸೋ ಬಲದ) ನೂರರಲ್ಲಿ ಸುಮಾರು 90 ಭಾಗ ತಲೆಯಡಿಯ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುತ್ತೆ. ಉಳಿದ 10 ಭಾಗ ಬೋಲ್ಟನ್ನ ಎಳೆದು ಎರಡು ಲೋಹವನ್ನ ಬಿಗಿಯಾಗಿ ಒತ್ತುತ್ತೆ. ಥ್ರೆಡ್ ಸೊಟ್ಟಗಾದ್ರೆ ಆ 10 ಭಾಗವನ್ನೂ ತಿಕ್ಕಾಟವೇ ನುಂಗುತ್ತೆ. ಆ ಬಲ ಅಳೆಯೋ ಟಾರ್ಕ್ ರೆಂಚು ಕ್ಲಿಕ್ ಅಂತ ಹಲ್ಲು ಕಿರಿಯುತ್ತೆ, ಆರ್ಮ್ ಮಾತ್ರ ದೇವರ ಭರವಸೆಯಲ್ಲಿ ನಿಂತಿರುತ್ತೆ. ಇವನು ಟಾರ್ಕ್ ರೆಂಚು ಮುಟ್ಟಿದ್ದಾನೆ ಅನ್ನೋ ಭ್ರಮೆಯೂ ನನಗಿಲ್ಲ, ಬಿಡಿ.

ಸಲಹೆಗಳಿಗೇನು ಕೊರತೆಯಿಲ್ಲ. ಒಬ್ಬರು 'ಒಂದು ಸೈಜ್ ದೊಡ್ಡ ಬೋಲ್ಟ್ ಹಾಕು' ಅಂದ್ರು. ಬುಷ್ ಒಳಗಿನ ಉಕ್ಕಿನ ಕೊಳವೆಯ ತೂತು ಇರೋದೇ 12ಕ್ಕೆ, ಅದನ್ನೂ ಕೊರೀಲಾ? ಇನ್ನೊಬ್ಬರು ಅಂಟು ತುಂಬಿಸು ಅಂದ್ರು. ಸಸ್ಪೆನ್ಷನ್ ಬೋಲ್ಟಿಗೆ ಅಂಟು! ಚಕ್ರವನ್ನ ಅದರ ಜಾಗದಲ್ಲಿ ಹಿಡ್ಕೊಂಡಿರೋ ಬೋಲ್ಟ್ ಇದು, ಗೋಡೆಗೆ ಫೋಟೋ ಹೊಡೆಯೋ ಮೊಳೆಯಲ್ಲ.

ಮೊದಲು ಮೆತ್ತಗಿನ ದಾರಿನೇ ಹಿಡಿದೆ. ಮೇಲಿನ ಸುತ್ತುಗಳು ಚೆನ್ನಾಗಿದ್ವು, ಒಂದು ಹಳೇ ಬೋಲ್ಟಿನ ಉದ್ದಕ್ಕೂ ಗ್ರೈಂಡರ್‌ನಲ್ಲಿ ಸೀಳು ಹೊಡೆದು ಥ್ರೆಡ್ ಚೇಸರ್ ಮಾಡಿಕೊಂಡೆ. ಥ್ರೆಡ್ ಕೊರೆಯೋ ಟ್ಯಾಪ್ ಲೋಹವನ್ನ ಕತ್ತರಿಸುತ್ತೆ, ಚೇಸರ್ ಬಾಗಿದ್ದನ್ನ ದಾರಿಗೆ ತರುತ್ತೆ. ಆದ್ರೆ ದಾರಿಗೆ ತರೋಕೆ ಅಲ್ಲಿ ಲೋಹ ಇರಬೇಕಲ್ಲ. ಬೋಲ್ಟಿನ ಭಾರವನ್ನ ಹೆಚ್ಚಾಗಿ ಹೊರೋದು ಮೊದಲ ಕೆಲವು ಸುತ್ತುಗಳೇ, ಸತ್ತಿದ್ದೂ ಅವೇ. ಡಬ್ಬಿ ಮುಚ್ಚಿರೋದ್ರಿಂದ ಹಿಂದುಗಡೆಯಿಂದ ಟ್ಯಾಪ್ ಬಿಡೋಣ ಅಂದ್ರೆ ಅದೂ ಇಲ್ಲ.

ಕೊನೆಗೆ ಹೆಲಿಕಾಯಿಲ್, ಅಂದ್ರೆ ತೂತನ್ನ ದೊಡ್ಡದು ಮಾಡಿ ಹೊಸ ಥ್ರೆಡ್ಡಾಗಿ ಒಳಗೆ ಕೂರಿಸೋ ತಂತಿಯ ಸುರುಳಿ. ಅದಕ್ಕೂ ಪಿಚ್, ಅಂದ್ರೆ ಥ್ರೆಡ್ಡಿನ ಎರಡು ಸುತ್ತಿನ ನಡುವಿನ ಅಂತರ, ನೋಡಿ ತರಬೇಕು: 12ರಲ್ಲೇ 1.25 ಇದೆ, 1.5 ಇದೆ, ತಪ್ಪಿದ್ದನ್ನ ಹಾಕಿದ್ರೂ ಎರಡು ಸುತ್ತು ನಗುನಗುತ್ತಾ ಒಳಗೆ ಹೋಗಿ ಆಮೇಲೆ ಕೈ ಕೊಡುತ್ತೆ. ನನ್ನದು 1.25. ಮಲಗಿಕೊಂಡು ಮೇಲ್ಮುಖವಾಗಿ, ಕೂದಲೆಳೆಯಷ್ಟೂ ವಾಲದ ಹಾಗೆ ಡ್ರಿಲ್ ಹೊಡೀಬೇಕು. ಕನ್ನಡಕ ಹಾಕಿದ್ರೂ ಬಿಸಿ ಚೂರು ಹುಡುಕಿಕೊಂಡು ಬಂದು ಕುತ್ತಿಗೆಯೊಳಗೆ ಇಳಿಯುತ್ತೆ. ಆಮೇಲೆ ಕಿಟ್ಟಿನ ದೊಡ್ಡ ಟ್ಯಾಪು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ, ಮತ್ತೆ ಅರ್ಧ ಸುತ್ತು. ಉಸಿರು ಬಿಡೋಕೂ ಹೆದರಿಕೆ. ಟ್ಯಾಪ್ ಒಳಗೇ ಮುರಿದ್ರೆ ಮುಗೀತು, ಅಷ್ಟು ಗಟ್ಟಿ ಉಕ್ಕನ್ನ ನನ್ನ ಡ್ರಿಲ್ ಬಿಟ್ ಮುಟ್ಟೋದೂ ಇಲ್ಲ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ಈಗ ಗಾಳಿಯಲ್ಲಿ ಓಡುತ್ತೆ, ಡರ್ರ್ ಅನ್ನುತ್ತೆ.

ಸುರುಳಿ ಕೂತಿತು. ಅದರ ತುದಿಯ ಬಾಲ ಮುರಿದಾಗ ಟಣ್ ಅಂತ ಡಬ್ಬಿಯೊಳಗೆ ಹಾರಿ ಬಿತ್ತು, ಇನ್ನು ಈ ಕಾರು ಗುಜರಿಗೆ ಹೋಗೋವರೆಗೂ ಅಲ್ಲೇ ಅದರ ವಾಸ. ಹೊಸ 10.9 ದರ್ಜೆಯ ಗಟ್ಟಿ ಬೋಲ್ಟು ಬೆರಳಲ್ಲೇ ಕೊನೆವರೆಗೂ ಹೋಯ್ತು. ಟಾರ್ಕ್ ಹಿಡಿಯಿತು. ಅಳು ಬಂತು ಅಂದ್ರೆ ನಗಬೇಡಿ.

ಆಮೇಲೆ ಕೂತು ಹಳೇ ಆರ್ಮ್ ತಿರುಗಿಸಿ ನೋಡ್ತೀನಿ, ಹರಿದ ಮುಂದಿನ ಬುಷ್ ರಬ್ಬರ್ ಒಂದೇ ದಿಕ್ಕಿಗೆ ತಿರುಚಿಕೊಂಡು ಸೀಳಿದೆ. ಅಂದ್ರೆ ಚಕ್ರ ನೇತಾಡ್ತಿರೋವಾಗಲೇ ಆ ಬುಷ್ಷಿನ ಬೋಲ್ಟ್ ಬಿಗಿ ಮಾಡಿದ್ದಾನೆ. ಕಾರಿನ ಭಾರ ಚಕ್ರದ ಮೇಲೆ ಇಳಿಸಿ ಆಮೇಲೆ ಬಿಗಿ ಮಾಡಬೇಕಿತ್ತು. ಇಲ್ಲದಿದ್ರೆ ಕಾರು ಸುಮ್ಮನೆ ನಿಂತಿದ್ರೂ ರಬ್ಬರು ತಿರುಚಿಕೊಂಡೇ ಇರುತ್ತೆ. ಅಲ್ಲಿಗೆ, ಈ ಕೆಲಸ ಇಷ್ಟು ಬೇಗ ನನ್ನ ತಲೆಗೆ ಬರೋ ಹಾಗೆ ಮಾಡಿದ್ದೂ ಅವನೇ, ಬಂದ ಮೇಲೆ ಆಗದ ಹಾಗೆ ಮಾಡಿಟ್ಟಿದ್ದೂ ಅವನೇ.

ಬಲಗಡೆ ಆರ್ಮ್ ನಾಳೆ ಬಿಚ್ಚಬೇಕು. ಅದನ್ನ ಹಾಕಿದ್ದೂ ಅದೇ ಕೈ, ಅದೇ ಗನ್. ಕಿಟ್ಟಿನಲ್ಲಿ ಇನ್ನೂ ನಾಲ್ಕು ಸುರುಳಿ ಉಳಿದಿವೆ, ಎಣಿಸಿಟ್ಟಿದ್ದೀನಿ.